ದೇವಿಮನೆ ಘಾಟಿಯ ಹಳದಿ ದೀಪ: ಪಿ0171 ಕೋಡ್ ಬಂದರೆ ಸೆನ್ಸರ್ ಬದಲಿಸಬೇಕಾ?

ಮಳೆಗಾಲದ ಒಂದು ಸಂಜೆ ಶಿರಸಿಯಿಂದ ಕುಮಟೆಗೆ ಇಳಿಯುತ್ತಿದ್ದೆ. ದೇವಿಮನೆ ಘಾಟಿಯಲ್ಲಿ ಒಂದು ಕಡೆ ಧರೆ ಜಾರಿ ಒಂದೊಂದೇ ಬದಿಯ ಗಾಡಿ ಬಿಡುತ್ತಿದ್ದರು. ಎಸಿ ಬಂದ್ ಮಾಡಿದರೆ ಗಾಜಿಗೆಲ್ಲ ಮಂಜು. ಹಾಗಾಗಿ ಎಂಜಿನ್ ಚಾಲೂ ಇಟ್ಟುಕೊಂಡೇ ಅರ್ಧ ತಾಸು ಕೂತೆ. ಸಾಲು ಸರಿಯುವ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಎಂಜಿನ್ ಚಿತ್ರ ಇರುವಂಥದ್ದು. ಗಾಡಿ ಓಡುವುದಕ್ಕೆ ಏನೂ ತೊಂದರೆ ಇರಲಿಲ್ಲ. ನಿಂತಾಗ ಮಾತ್ರ ಸಣ್ಣ ನಡುಕ.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಸ್ಕ್ಯಾನರ್ ಹಚ್ಚಿದರು. ಪಿ0171 ಅಂತ ಬಂತು. ತೊಂದರೆ ಕಂಡಾಗ ಎಂಜಿನ್ನಿನ ಕಂಪ್ಯೂಟರ್ ಬರೆದಿಡುವ ಗುರುತಿನ ಕೋಡ್ ಅದು. "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್, ಹೊಸದು ಹಾಕ್ಬೇಕು" ಅಂದರು. ಬೋನೆಟ್ ಎತ್ತಿರಲೇ ಇಲ್ಲ. ಶಿರಸಿಯ ಭಾವನಿಗೆ ಫೋನ್ ಮಾಡಿದೆ. ಅವನ ಗಾಡಿಗೂ ಹಿಂದೊಮ್ಮೆ ಇದೇ ಕೋಡ್ ಬಂದಿತ್ತು. "ಸೆನ್ಸರ್ ಹೋಯ್ದು ಭಾವ, ಹೊಸದು ಹಾಕ್ಸು. ನಾನೂ ಹಾಕ್ಸಿದ್ದೆ, ದೀಪ ಹೋಗಿತ್ತು" ಅಂದ. ಆಮೇಲೆ ಸ್ವಲ್ಪ ಸುಮ್ಮನಿದ್ದು, "ತಿಂಗಳಿಗೆ ಮತ್ತೆ ಬಂತು" ಅಂತಲೂ ಸೇರಿಸಿದ.

ದೀಪ ಮತ್ತೆ ಯಾಕೆ ಬಂತು ಅನ್ನುವುದು ಗೊತ್ತಾಗಬೇಕಾದರೆ ಈ ಸೆನ್ಸರ್ ಏನನ್ನು ನೋಡುತ್ತದೆ, ಏನನ್ನು ನೋಡುವುದೇ ಇಲ್ಲ ಅನ್ನುವುದು ಮೊದಲು ಗೊತ್ತಾಗಬೇಕು.

ಪೆಟ್ರೋಲ್ ಉರಿಯಲು ಗಾಳಿ ಬೇಕು. ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಕೊಟ್ಟರೆ ಎರಡೂ ಸರಿಸಮನಾಗಿ ಮುಗಿಯುತ್ತವೆ. ಗಾಳಿ ಜಾಸ್ತಿಯಾದರೆ ಅದಕ್ಕೆ ಲೀನ್ ಅನ್ನುತ್ತಾರೆ, ಪೆಟ್ರೋಲ್ ಜಾಸ್ತಿಯಾದರೆ ರಿಚ್. ಈ ಅಳತೆಯ ಆಸುಪಾಸಿನಲ್ಲೇ ಇದ್ದರೆ ಮಾತ್ರ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯ ವಿಷವನ್ನು ಸರಿಯಾಗಿ ಕಡಿಮೆ ಮಾಡುತ್ತದೆ. ಅದಕ್ಕೇ ಇಷ್ಟೊಂದು ಕಾವಲು.

ಕಾವಲು ಕಾಯುವುದು ಹೇಗೆ? ನಮ್ಮ ಕಡೆ ಪಂಕ್ತಿ ಊಟದಲ್ಲಿ ಬಡಿಸುವವನನ್ನು ನೆನಪಿಸಿಕೊಳ್ಳಿ. ಎಲೆಯ ಮೇಲೆ ಅನ್ನ ಉಳಿದಿದ್ದರೆ ತಂಬುಳಿ ಸಾಲಲಿಲ್ಲ ಅಂದುಕೊಂಡು ಮತ್ತೊಂದು ಸೌಟು ಹಾಕುತ್ತಾನೆ. ಅನ್ನ ಖಾಲಿಯಾಗಿದ್ದರೆ ತಂಬುಳಿ ಜಾಸ್ತಿಯಾಯಿತು ಅಂತ ಕೈ ಹಿಡಿಯುತ್ತಾನೆ. ಆಕ್ಸಿಜನ್ ಸೆನ್ಸರ್ ಕೆಲಸವೂ ಇಷ್ಟೇ. ಊಟ ಮುಗಿದ ಮೇಲೆ ಎಲೆ ನೋಡುವುದು. ಅನ್ನ ಅಂದರೆ ಆಕ್ಸಿಜನ್, ತಂಬುಳಿ ಅಂದರೆ ಪೆಟ್ರೋಲ್. ಆದರೆ ಈತನ ಕಣ್ಣಿಗೆ ಎಲೆಯ ಮೇಲೆ ಅನ್ನ ಮಾತ್ರ ಕಾಣುತ್ತದೆ. ತಂಬುಳಿ ಎಷ್ಟಿದೆ ಅಂತ ಈತ ಯಾವತ್ತೂ ನೋಡಿಲ್ಲ. ಮುಂದಿನ ಗೊಂದಲಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಸೆನ್ಸರಿನ ಒಳಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯಂಥ ವಸ್ತುವಿನ ತುದಿ ಇರುತ್ತದೆ. ಅದರ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡು ಬದಿಯ ಆಕ್ಸಿಜನ್ ನಡುವೆ ವ್ಯತ್ಯಾಸ ಇದ್ದಷ್ಟೂ ಅದು ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಕಡಿಮೆ ಇದ್ದರೆ, ಅಂದರೆ ರಿಚ್ ಆದರೆ, ಸುಮಾರು 0.9 ವೋಲ್ಟ್. ಜಾಸ್ತಿ ಇದ್ದರೆ 0.1. ನಡುವಿನ ಗೆರೆ 0.45. ತುದಿ 300 ಡಿಗ್ರಿ ಮೀರಿ ಕಾಯದಿದ್ದರೆ ಇದು ಕೆಲಸ ಮಾಡುವುದಿಲ್ಲ. ಅದಕ್ಕೇ ಒಳಗೊಂದು ಪುಟ್ಟ ಹೀಟರ್ ಇಟ್ಟಿರುತ್ತಾರೆ. ಬಾಷ್ ಕಂಪನಿಯ ಈ ಸೆನ್ಸರ್ ಮೊದಲು ಬಂದದ್ದು 1976ರಲ್ಲಿ, ವೋಲ್ವೊ ಕಾರಿನಲ್ಲಿ. ಈಗ ಕಾರವಾರದ ಗಲ್ಲಿಯಲ್ಲಿ ನಿಲ್ಲುವ ಸಣ್ಣ ಪೆಟ್ರೋಲ್ ಕಾರಿನಲ್ಲೂ ಸಾಧಾರಣವಾಗಿ ಎರಡಿರುತ್ತವೆ. ಕನ್ವರ್ಟರಿಗಿಂತ ಮುಂಚೆ ಒಂದು, ಆಮೇಲೆ ಒಂದು. ಮಿಶ್ರಣ ಸರಿಮಾಡಲು ಕಂಪ್ಯೂಟರ್ ಮುಖ್ಯವಾಗಿ ನಂಬುವುದು ಮುಂಚಿನದನ್ನು. ಹಿಂದಿನದು ಹೆಚ್ಚಾಗಿ ಕನ್ವರ್ಟರ್ ಸರಿ ಇದೆಯಾ ಅಂತ ನೋಡಲಿಕ್ಕೆ. ಪಿ0171 ಬಂತೆಂದು ಹಿಂದಿನ ಸೆನ್ಸರ್ ಬದಲಿಸಿ ದುಡ್ಡು ಕಳೆದುಕೊಂಡವರೂ ಇದ್ದಾರೆ.

ಎಲೆ ನೋಡಿದ ಮೇಲೆ ಸೌಟು ಹಾಕಬೇಕಲ್ಲ, ಅದರ ಲೆಕ್ಕಕ್ಕೆ ಫ್ಯುಯೆಲ್ ಟ್ರಿಮ್ ಅಂತ ಹೆಸರು. ಎರಡು ಅಂಕಿ ಇರುತ್ತವೆ. ಶಾರ್ಟ್ ಟರ್ಮ್ ಅನ್ನುವುದು ಆ ಕ್ಷಣದ ತಿದ್ದುಪಡಿ, ಒಂದೇ ಸಮ ಕುಣಿಯುತ್ತಿರುತ್ತದೆ. ಲಾಂಗ್ ಟರ್ಮ್ ನಿಧಾನ ಕಲಿಯುವಂಥದ್ದು. "ಈ ಮನೆಯವರಿಗೆ ಯಾವಾಗಲೂ ತಂಬುಳಿ ಸ್ವಲ್ಪ ಜಾಸ್ತಿ ಬೇಕು" ಅಂತ ಬಡಿಸುವವನು ನೆನಪಿಟ್ಟುಕೊಂಡ ಹಾಗೆ. ಪ್ಲಸ್ ಇದ್ದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತಿದೆ ಅಂತ ಅರ್ಥ, ಮೈನಸ್ ಇದ್ದರೆ ಕಡಿಮೆ ಮಾಡುತ್ತಿದೆ. ಎರಡನ್ನೂ ಕೂಡಿಸಿ ನೋಡಬೇಕು. ಶೇಕಡಾ ಹತ್ತರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಇಪ್ಪತ್ತು, ಇಪ್ಪತ್ತೈದರ ಹತ್ತಿರ ಹೋದರೆ "ಇಷ್ಟು ಹಾಕಿದರೂ ಸಾಲುತ್ತಿಲ್ಲ" ಅಂತ ಕಂಪ್ಯೂಟರ್ ಕೈಚೆಲ್ಲಿ ದೀಪ ಹಚ್ಚುತ್ತದೆ. ಸರಿಯಾಗಿ ಎಷ್ಟಕ್ಕೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ.

ಅದೇ ಪಿ0171. ಲೀನ್ ಅಂತ ದೂರು. ಇದರ ಉಲ್ಟಾ ಪಿ0172, ರಿಚ್. ಎರಡರಲ್ಲೂ ಸೆನ್ಸರ್ ಕೆಟ್ಟಿದೆ ಅನ್ನುವ ಮಾತೇ ಇಲ್ಲ. ಸೆನ್ಸರಿನ ಮೇಲೇ ದೂರು ಹೇಳುವ ಕೋಡುಗಳು ಬೇರೆ ಇವೆ. ಮುಂದಿನ ಸೆನ್ಸರಿಗೆ ಪಿ0130ರಿಂದ ಪಿ0135. ಅದರಲ್ಲಿ 0133 ಅಂದರೆ ಸೆನ್ಸರ್ ನಿಧಾನವಾಗಿದೆ, 0134 ಅಂದರೆ ಅಲುಗಾಟವೇ ಇಲ್ಲ, 0135 ಅಂದರೆ ಹೀಟರ್ ವೈರಿಂಗಿನಲ್ಲಿ ತೊಂದರೆ. ಅವು ಬಂದರೂ ಮೊದಲು ನೋಡಬೇಕಾದದ್ದು ಫ್ಯೂಸು, ವೈರು, ಕನೆಕ್ಟರು. ಸೆನ್ಸರ್ ಆಮೇಲೆ.

ನಾನು ಹೊಸ ಸೆನ್ಸರ್ ಬೇಡ ಅಂತ ಹೇಳಿ ಬಂದೆ. ಕೋಡ್ ಅಳಿಸುವುದೂ ಬೇಡ ಅಂದೆ. ಇದು ಮುಖ್ಯ. ಕೋಡ್ ಬಿದ್ದ ಕ್ಷಣದಲ್ಲಿ ಗಾಡಿ ಹೇಗಿತ್ತು ಅನ್ನುವುದನ್ನು ಕಂಪ್ಯೂಟರ್ ಫೋಟೋ ತೆಗೆದ ಹಾಗೆ ಬರೆದಿಟ್ಟುಕೊಂಡಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ, ಕಲಿತ ಟ್ರಿಮ್ಮೂ ಹೋಗುತ್ತದೆ. ಕಳ್ಳ ಬಂದುಹೋದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಒರೆಸಿದ ಹಾಗೆ.

ನನ್ನ ಹತ್ತಿರ ಬ್ಲೂಟೂತ್ ಸ್ಕ್ಯಾನರ್ ಒಂದಿದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ನೋಡುವುದು. ಫ್ರೀಜ್ ಫ್ರೇಮ್ ತೆಗೆದೆ. ವೇಗ 0. ಎಂಜಿನ್ ಸುತ್ತು ನಿಮಿಷಕ್ಕೆ 780. ಕೂಲೆಂಟ್ 92 ಡಿಗ್ರಿ. ಅಂದರೆ ಕೋಡ್ ಬಿದ್ದದ್ದು ಘಾಟಿ ಇಳಿಯುವಾಗ ಅಲ್ಲ, ಸಾಲಿನಲ್ಲಿ ಸುಮ್ನೆ ನಿಂತಿದ್ದಾಗ. ಇಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತ್ತು.

ಎಂಜಿನ್ ಕಾದ ಮೇಲೆ ಮನೆಯ ಅಂಗಳದಲ್ಲೇ ಮತ್ತೆ ನೋಡಿದೆ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಲಾಂಗ್ ಟರ್ಮ್ +19, ಶಾರ್ಟ್ ಟರ್ಮ್ +6ರ ಆಸುಪಾಸು. ಕೂಡಿಸಿದರೆ 25. ಆಕ್ಸಿಲರೇಟರ್ ಒತ್ತಿ 2,500 ಸುತ್ತಿನಲ್ಲಿ ಒಂದು ನಿಮಿಷ ಹಿಡಿದೆ. ಎರಡೂ ಕೂಡಿ 6ಕ್ಕೆ ಇಳಿಯಿತು. ಬಿಟ್ಟೆ, ಮತ್ತೆ ಏರಿತು.

ಈ ಒಂದು ಪರೀಕ್ಷೆ ಗೊತ್ತಿದ್ದರೆ ಸಾಕು, ಅರ್ಧ ಗ್ಯಾರೇಜ್ ಖರ್ಚು ಉಳಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನನ್ನ ಕಾರಿನಲ್ಲಿ ಏರ್ ಫಿಲ್ಟರ್ ದಾಟಿ ಬರುವ ಗಾಳಿಯನ್ನು ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇದೆ. ಅದು ಅಳೆದಷ್ಟು ಗಾಳಿಗೆ ತಕ್ಕ ಪೆಟ್ರೋಲ್ ಹೋಗುತ್ತದೆ. ಅದರ ಆಚೆ ಎಲ್ಲೋ ಪೈಪು ಬಿರಿದು ಗಾಳಿ ನುಸುಳಿದರೆ ಆ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಸೆಕೆಂಡಿಗೆ ಎರಡೂವರೆ ಗ್ರಾಂ ಗಾಳಿ ಅಳತೆ ಆಗಿ ಬರುತ್ತಿದೆ, ಅರ್ಧ ಗ್ರಾಂ ಕಳ್ಳದಾರಿಯಲ್ಲಿ ಬರುತ್ತಿದೆ ಅಂತಿಟ್ಟುಕೊಳ್ಳಿ. ಶೇಕಡಾ 20 ಹೆಚ್ಚಾಯಿತು. ಸುತ್ತು ಏರಿ ಹತ್ತು ಗ್ರಾಂ ಬರತೊಡಗಿದರೆ ಅದೇ ಅರ್ಧ ಗ್ರಾಂ ಬರೀ ಶೇಕಡಾ 5. ನಾಲ್ಕು ಜನರಿಗೆ ಅಡುಗೆ ಮಾಡಿದ ದಿನ ಹೇಳದೆ ಕೇಳದೆ ಒಬ್ಬ ನೆಂಟ ಬಂದರೆ ತಂಬುಳಿ ಸಾಲುವುದಿಲ್ಲ. ಮದುವೆ ಮನೆಯಲ್ಲಿ ಒಬ್ಬ ಹೆಚ್ಚು ಉಂಡರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಅಲ್ವಾ?

ಉಲ್ಟಾ ಆದರೆ? ಐಡ್ಲಿಂಗಿನಲ್ಲಿ ಟ್ರಿಮ್ ಸರಿ ಇದ್ದು, ಘಾಟಿ ಹತ್ತುವಾಗ ಅಥವಾ ಹೆದ್ದಾರಿಯಲ್ಲಿ ಎಳೆಯುವಾಗ ಪ್ಲಸ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅನುಮಾನ ಪಡಬೇಕು. ಪಂಪು ಸೋತಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರಿಗೆ ಕೊಳೆ ಹಿಡಿದಿರಬಹುದು. ಏರ್ ಫ್ಲೋ ಸೆನ್ಸರಿನ ತಂತಿಗೆ ಧೂಳು ಕೂತು ಅದು ಕಡಿಮೆ ಗಾಳಿ ತೋರಿಸುತ್ತಿದ್ದರೂ ಹೀಗೇ ಆಗಬಹುದು. ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದು ಒಣಗಿಸಿದರೆ ಎಷ್ಟೋ ಸಲ ಸಾಕು. ಬಟ್ಟೆ ಹಾಕಿ ಉಜ್ಜಬೇಡಿ, ತಂತಿ ಕೂದಲಿನಷ್ಟು ಸಣ್ಣದು.

ಒಂದು ಎಚ್ಚರ. ಎಲ್ಲ ಕಾರಿನಲ್ಲೂ ಏರ್ ಫ್ಲೋ ಸೆನ್ಸರ್ ಇರುವುದಿಲ್ಲ. ನಮ್ಮಲ್ಲಿ ಓಡುವ ಎಷ್ಟೋ ಸಣ್ಣ ಕಾರುಗಳು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ನೋಡಿ ಗಾಳಿಯ ಲೆಕ್ಕ ಹಾಕುತ್ತವೆ. ಅಂಥ ಕಾರಿನಲ್ಲಿ ಪೈಪು ಬಿರಿದರೆ ಒತ್ತಡವೂ ಏರುವುದರಿಂದ ಕಂಪ್ಯೂಟರ್ ಅದಕ್ಕೂ ಪೆಟ್ರೋಲ್ ಕೊಟ್ಟುಬಿಡುತ್ತದೆ. ಲೀನ್ ಕೋಡಿಗಿಂತ ಮೊದಲು ಐಡ್ಲಿಂಗ್ ಸುತ್ತು ಏರಿದ್ದು ಕಣ್ಣಿಗೆ ಬೀಳಬಹುದು.

ಅಂಕೋಲೆಯಲ್ಲಿ ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅಂಕಿಗಳನ್ನು ತೋರಿಸಿದೆ. ಬೋನೆಟ್ ಎತ್ತಿಸಿ, ಎಂಜಿನ್ ಚಾಲೂ ಇಡಲು ಹೇಳಿ, ರೇಡಿಯೋ ಕೇಳುವವರ ಹಾಗೆ ಕಿವಿ ಕೊಟ್ಟು ನಿಂತರು. ಆಮೇಲೆ ಎಂಜಿನ್ ಒಳಗಿನ ಆವಿಯನ್ನು ಕವರಿನಿಂದ ಮ್ಯಾನಿಫೋಲ್ಡಿಗೆ ಒಯ್ಯುವ ಬ್ರೀದರ್ ಪೈಪಿನ ಕೆಳಗೆ ಬೆರಳು ಹಾಕಿದರು. ಪೈಪು ಬಾಗುವ ಜಾಗ ಅದು. ಮೇಲಿನಿಂದ ನೋಡಿದರೆ ಕರ್ರಗೆ ಚೆನ್ನಾಗಿಯೇ ಇತ್ತು. "ಈಗ ನೋಡಿ ಮಾರಾಯ್ರೆ" ಅಂದು ಬೆರಳಿನಿಂದ ಒತ್ತಿ ಹಿಡಿದರು. ಎಂಜಿನ್ ನಡುಕ ನಿಂತಿತು. ನನ್ನ ಮೊಬೈಲಿನಲ್ಲಿ ಶಾರ್ಟ್ ಟರ್ಮ್ +6ರಿಂದ ಜರ್ರನೆ ಇಳಿದು −15ಕ್ಕೆ ಹೋಯಿತು. ಲಾಂಗ್ ಟರ್ಮ್ ಇನ್ನೂ ಹಳೆಯ ಅಭ್ಯಾಸದಲ್ಲಿ +19 ಹಾಕುತ್ತಲೇ ಇತ್ತು. ಕೂಡಿಸಿದರೆ 4. ಬೆರಳು ತೆಗೆದರು, ಮತ್ತೆ ನಡುಕ.

ಪೈಪು ಬಿಚ್ಚಿ ತಿರುಗಿಸಿ ತೋರಿಸಿದರು. ಎಣ್ಣೆ ಆವಿಗೆ ರಬ್ಬರ್ ಮೆತ್ತಗಾಗಿ, ಬಾಗಿದ ಕಡೆ ಬೇಸಿಗೆಯ ಗದ್ದೆಯ ಹಾಗೆ ಬಾಯಿ ಬಿಟ್ಟಿತ್ತು. ಉಗುರು ಹೋಗುವಷ್ಟು ಬಿರುಕು.

ಎಲ್ಲರಿಗೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಕೆಲವರು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಎಂಜಿನ್ ಸದ್ದು ಬದಲಾಗುವ ಜಾಗ ಹುಡುಕುತ್ತಾರೆ. ಕಾದ ಸೈಲೆನ್ಸರ್ ಪೈಪಿನ ಮೇಲೆ ಅದು ಬಿದ್ದರೆ ಬೆಂಕಿ, ಹಾಗಾಗಿ ನಾನು ಮಾಡುವುದಿಲ್ಲ. ಹೊಗೆ ಬಿಟ್ಟು ನೋಡುವ ಯಂತ್ರ ಇರುವ ಗ್ಯಾರೇಜ್ ಸಿಕ್ಕರೆ ಒಳ್ಳೆಯದು. ಎಂಜಿನ್ ಬಂದ್ ಇಟ್ಟು ಗಾಳಿ ಪೈಪಿಗೆ ಹೊಗೆ ತುಂಬುತ್ತಾರೆ. ಬಿರುಕಿದ್ದ ಕಡೆ ಹೊಗೆ ತಾನಾಗಿಯೇ ಹೊರಗೆ ಬರುತ್ತದೆ.

ಇನ್ನು ಭಾವನ ಗಾಡಿ. ಅವನಿಗೂ ಪಿ0171, ಹೊಸ ಸೆನ್ಸರ್, ಮತ್ತೆ ದೀಪ. ಆದರೆ ಮೈಲೇಜ್ ಬಿದ್ದಿತ್ತು, ಪ್ಲಗ್ ಬಿಚ್ಚಿದರೆ ಮಸಿ. ಲೀನ್ ಆದ ಎಂಜಿನ್ನಿನ ಪ್ಲಗ್ಗಿಗೆ ಮಸಿ ಯಾಕೆ ಹಿಡಿಯಬೇಕು? ಉತ್ತರ ಸಿಕ್ಕಿದ್ದು ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಕೇಳುವ ಟಿಕ್ ಟಿಕ್ ಸದ್ದಿನಲ್ಲಿ. ಎಂಜಿನ್ನಿನಿಂದ ಹೊಗೆ ಹೊರಡುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಅಂದರೆ ಸಂದಿ ಮುಚ್ಚುವ ಪಟ್ಟಿ, ಸೆನ್ಸರ್ ಕೂತ ಜಾಗಕ್ಕಿಂತ ಮುಂಚೆಯೇ ಬಿಟ್ಟಿತ್ತು. ಹೊಗೆ ಒಂದೇ ಸಮನೆ ಹೋಗುವುದಿಲ್ಲ, ಉಸಿರಿನ ಹಾಗೆ ಬಡಿದು ಬಡಿದು ಹೋಗುತ್ತದೆ. ಎರಡು ಬಡಿತದ ನಡುವೆ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಸೆಳೆಯುತ್ತದೆ. ಸೆನ್ಸರ್ ಪ್ರಾಮಾಣಿಕವಾಗಿ "ಆಕ್ಸಿಜನ್ ಉಳಿದಿದೆ" ಅನ್ನುತ್ತದೆ. ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಪಕ್ಕದವನು ಎಲೆಗೆ ಅನ್ನ ಎತ್ತಿ ಹಾಕಿದ್ದನ್ನು ನೋಡದೆ ಬಡಿಸುವವನು ತಂಬುಳಿ ಸುರಿದ ಕಥೆ. ಹೊಸ ಸೆನ್ಸರ್ ಹಾಕಿದರೂ ಅದಕ್ಕೆ ಕಾಣುವುದು ಅದೇ ಎಲೆ. ಕೋಡ್ ಅಳಿಸಿದ್ದರಿಂದ ದೀಪ ಆರಿತ್ತು, ಸೆನ್ಸರಿನಿಂದಲ್ಲ.

ಮಿಸ್ಸಿಂಗ್ ಆಗುವ ಎಂಜಿನ್ನೂ ಹೀಗೇ ದಾರಿ ತಪ್ಪಿಸುತ್ತದೆ. ಪ್ಲಗ್ ಅಥವಾ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ಉರಿಯದಿದ್ದರೆ ಅಲ್ಲಿಗೆ ಹೋದ ಪೆಟ್ರೋಲೂ ಗಾಳಿಯೂ ಹಾಗೇ ಹೊರಗೆ ಬರುತ್ತವೆ. ಉಣ್ಣದೆ ಎದ್ದುಹೋದವನ ಎಲೆ ಅದು, ಅನ್ನವೂ ಇದೆ ತಂಬುಳಿಯೂ ಇದೆ. ಸೆನ್ಸರಿಗೆ ಅನ್ನ ಮಾತ್ರ ಕಂಡು "ಲೀನ್" ಅನ್ನುತ್ತದೆ. ಆದ್ದರಿಂದ ಪಿ0171 ಜೊತೆ ಮಿಸ್ಸಿಂಗ್ ಹೇಳುವ ಪಿ0300 ಸರಣಿಯ ಕೋಡೂ ಇದ್ದರೆ ಮಿಸ್ಸಿಂಗ್ ಮೊದಲು ಸರಿಮಾಡಿ. ದೀಪ ಸ್ಥಿರವಾಗಿ ಇರದೆ ಮಿಣುಕುತ್ತಿದ್ದರೆ ವೇಗ ಇಳಿಸಿ ಗಾಡಿ ಬದಿಗೆ ಹಾಕುವುದು ಒಳ್ಳೆಯದು. ಉರಿಯದ ಪೆಟ್ರೋಲ್ ಹೋಗಿ ಕನ್ವರ್ಟರನ್ನೇ ಸುಡುತ್ತದೆ. ಅದರ ಬೆಲೆ ಕೇಳಿದರೆ ಸೆನ್ಸರ್ ಅಗ್ಗ ಅನ್ನಿಸುತ್ತದೆ.

ಹಾಗಾದರೆ ಸೆನ್ಸರ್ ಕೆಡುವುದೇ ಇಲ್ಲವಾ? ಕೆಡುತ್ತದೆ. ಪರೀಕ್ಷೆಗೆ ನಮ್ಮ ಘಾಟಿಗಳಿಗಿಂತ ಒಳ್ಳೆಯ ಜಾಗ ಇಲ್ಲ. ಪಕ್ಕದಲ್ಲಿ ಕೂತವರ ಕೈಗೆ ಮೊಬೈಲ್ ಕೊಡಿ, ಮುಂದಿನ ಸೆನ್ಸರಿನ ವೋಲ್ಟೇಜ್ ಗ್ರಾಫ್ ಹಾಕಿಸಿ. ಹಳೆಯ ಬಗೆಯ ಸೆನ್ಸರ್ ಆದರೆ ಸಮತಟ್ಟು ರಸ್ತೆಯಲ್ಲಿ 0.1ಕ್ಕೂ 0.9ಕ್ಕೂ ನಡುವೆ ಉಯ್ಯಾಲೆ ಆಡುತ್ತಿರಬೇಕು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 0.9ರ ಹತ್ತಿರ ನಿಲ್ಲಬೇಕು, ಆಗ ಕಂಪ್ಯೂಟರ್ ಬೇಕಂತಲೇ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಇಳಿಜಾರಿನಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್ ಬಿಟ್ಟಾಗ ಸೊನ್ನೆಗೆ ಬೀಳಬೇಕು, ಆಗ ಇಂಜೆಕ್ಟರ್ ಪೂರ್ತಿ ಬಂದ್ ಆಗಿ ಬರೀ ಗಾಳಿ ಹೋಗುತ್ತಿರುತ್ತದೆ. ಮೂರೂ ಸರಿಯಾಗಿ, ಚುರುಕಾಗಿ ಆದರೆ ಸೆನ್ಸರ್ ಗಟ್ಟಿಯಾಗಿದೆ. ಎಲ್ಲ ಸಂದರ್ಭದಲ್ಲೂ ಒಂದೇ ಅಂಕಿಗೆ ಅಂಟಿಕೊಂಡಿದ್ದರೆ, ಅಥವಾ ಮೇಲೆ ಕೆಳಗೆ ಹೋಗಲು ಆಕಳಿಸುತ್ತಿದ್ದರೆ ಅನುಮಾನ ಪಡಿ. ಹೊಸ ಗಾಡಿಗಳಲ್ಲಿ ಹಲವಕ್ಕೆ ವೈಡ್‌ಬ್ಯಾಂಡ್ ಸೆನ್ಸರ್ ಬಂದಿದೆ. ಅದು ಹೀಗೆ ಕುಣಿಯುವುದಿಲ್ಲ, ಲ್ಯಾಂಬ್ಡಾ 1ರ ಹತ್ತಿರ, ಅಂದರೆ ಗಾಳಿ ಪೆಟ್ರೋಲ್ ಸರಿಸಮ ಇರುವ ಅಂಕಿಯ ಹತ್ತಿರ, ಶಾಂತವಾಗಿರುತ್ತದೆ. ಅದನ್ನು ನೋಡಿ ಸತ್ತಿದೆ ಅಂದುಕೊಳ್ಳಬೇಡಿ.

ಹೀಟರ್ ನೋಡಲು ಮಲ್ಟಿಮೀಟರ್ ಸಾಕು. ನಾಲ್ಕು ವೈರಿನ ಸೆನ್ಸರಿನಲ್ಲಿ ಒಂದೇ ಬಣ್ಣದ ಎರಡು ವೈರು, ಹೆಚ್ಚಾಗಿ ಬಿಳಿ, ಹೀಟರಿನವು. ಕನೆಕ್ಟರ್ ಬಿಚ್ಚಿ ಅವೆರಡರ ನಡುವೆ ಓಮ್ ನೋಡಿ. ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ.

ಕರಾವಳಿಯಲ್ಲಿ ಕನೆಕ್ಟರಿನ ಕಥೆಯೇ ಬೇರೆ. ಉಪ್ಪುಗಾಳಿಗೆ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಸಮುದ್ರದ ಪಕ್ಕ ನಿಲ್ಲುವ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು. ಮಳೆ ಶುರುವಾದರೆ ಇಲಿ ಬೆಚ್ಚಗಿನ ಬೋನೆಟ್ ಒಳಗೆ ಸೇರಿ ವೈರು ಕಡಿಯುತ್ತದೆ, ಅದೂ ಇದೆ. ಆದರೆ ಸೆನ್ಸರಿನ ಕನೆಕ್ಟರಿಗೆ ತುಕ್ಕಿನ ಸ್ಪ್ರೇ, ಗ್ರೀಸು ಏನನ್ನೂ ಸುರಿಯಬೇಡಿ. ಎಷ್ಟೋ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಒಳಗಿನಿಂದಲೇ ಎಳೆದುಕೊಳ್ಳುತ್ತವೆ. ಅಲ್ಲಿ ಎಣ್ಣೆ ಸೇರಿದರೆ ಲೆಕ್ಕವೇ ತಪ್ಪುತ್ತದೆ. ಎಂಜಿನ್ ಬಿಚ್ಚಿದವರು ಕಂಡಕಂಡಲ್ಲಿ ಸಾದಾ ಸಿಲಿಕಾನ್ ಪೇಸ್ಟ್ ಬಳಿದರೂ ಅದರ ಆವಿ ತುದಿಗೆ ಬಿಳಿಯಾಗಿ ಅಂಟಿ ಸೆನ್ಸರ್ ಸಾಯುತ್ತದೆ.

ಪಿ0172 ಬಗ್ಗೆ ಉದ್ದ ಬರೆಯುವುದಿಲ್ಲ. ಸೋರುವ ಇಂಜೆಕ್ಟರ್, ಏರಿದ ಪೆಟ್ರೋಲ್ ಒತ್ತಡ, ಟ್ಯಾಂಕಿನ ಆವಿ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿಯುವುದು, ಹೆಚ್ಚಾಗಿ ಇವೇ. ಎಂಜಿನ್ ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತದಾ ನೋಡಿ. ನೋಡುವ ಕ್ರಮ ಅದೇ, ಅಂಕಿ ಮಾತ್ರ ಮೈನಸ್.

ನನ್ನ ಗಾಡಿಗೆ ಹೊಸ ಪೈಪು ಬಿತ್ತು, ಎರಡು ಕ್ಲಿಪ್ಪೂ ಹೊಸದು. ಸೆನ್ಸರಿನ ಬೆಲೆಯ ಮುಂದೆ ಅದು ಚಹಾದ ಖರ್ಚು. ಆಗ ಕೋಡ್ ಅಳಿಸಿದೆವು. ಮುಂದಿನ ವಾರ ಭಾವನ ಮನೆಗೆ ಹೋಗುವಾಗ ದೇವಿಮನೆಯಲ್ಲಿ ಮತ್ತೆ ಅದೇ ಸಾಲು, ಅದೇ ಮಂಜು. ಮೊಬೈಲ್ ತೆಗೆದು ನೋಡಿದೆ. ಐಡ್ಲಿಂಗಿನಲ್ಲಿ ಎರಡೂ ಕೂಡಿ +4. ಆಮೇಲೆ ಹೇಳಿದಾಗ ಸೊನ್ನೆ ಯಾಕಿಲ್ಲ ಅಂತ ಭಾವ ಕೇಳಿದ. ನನ್ನದು ಹಳೆಯ ಗಾಡಿ, ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲಿಗೆ ಕಿಲೋಗೆ 9 ಕಿಲೋ ಗಾಳಿ ಸಾಕು, ಅದರೊಳಗೇ ಆಕ್ಸಿಜನ್ ಇದೆ. ಅಂದರೆ ಅಷ್ಟೇ ಗಾಳಿಗೆ ಒಂದು ಸೌಟು ಜಾಸ್ತಿ ಹಾಕಲೇಬೇಕು.

"ಹಂಗಾರೆ ತಂಬುಳಿನೇ ತೆಳ್ಳಗಿದ್ದು ಅನ್ನು" ಅಂದ ಭಾವ.